ಮಾ ಎಂಬ ಒಂದಕ್ಷರ



ಈ ಉಪನ್ಯಾಸದ ದತ್ತಿಯನ್ನು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಅವರ ಮಗಳು ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ತೆರೆದರು. ಅದರ ತುಂಬ ಚೀಟಿಗಳು. ಮದುವೆ ಕಾಗದದ ಹಿಂಬದಿ, ಇನ್‌ಲ್ಯಾಂಡ್ ಲೆಟರಿನ ಬರೆಯದೆ ಉಳಿದ ಮಡಿಕೆ, ಕ್ಯಾಲೆಂಡರಿನ ಹಾಳೆ, ಹೀಗೆ ಸಿಕ್ಕಿದ್ದರ ಮೇಲೆಲ್ಲ ಒಂದೊಂದು ಪದ ಬರೆದು ಇಟ್ಟಿದ್ದರು. ಅದರಲ್ಲಿ ಒಂದನ್ನು ಕೇಳಿ ತಂದಿದ್ದೇನೆ. ಇಗೋ, ನನ್ನ ಕೈಯಲ್ಲಿದೆ. ನೀಲಿ ಶಾಯಿಯಲ್ಲಿ ಎರಡೇ ಸಾಲು. ‘ಮಾ (ಸಂ.) ಬೇಡ. ಮಾಣ್ (ಹ.ಗ.) ನಿಲ್ಲಿಸು.’ ಕೆಳಗೆ ‘ನಂಟೇ?’ ಎಂದು ಒಂದು ಪ್ರಶ್ನೆ. ಆ ಪ್ರಶ್ನೆಯ ಗುರುತನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದಾರೆ.

ಇವತ್ತಿನ ಉಪನ್ಯಾಸ ಆ ಚೀಟಿಗೆ ನಾನು ಕೊಡಲು ನೋಡುತ್ತಿರುವ ಉತ್ತರ. ಮೇಷ್ಟ್ರಿಗೆ ಸಂಸ್ಕೃತವೂ ಬರುತ್ತಿತ್ತು, ಹಳೆಗನ್ನಡವೂ ಬರುತ್ತಿತ್ತು. ‘ಎರಡೂ ಒಂದೇ’ ಎಂದು ಬರೆದು ಮುಗಿಸುವುದು ಅವರಿಗೆ ಕಷ್ಟವಿರಲಿಲ್ಲ. ಅವರು ಬರೆಯಲಿಲ್ಲ. ಈಚೆಗೆ ನಾವು ಆ ತಾಳ್ಮೆಯನ್ನು ಕಳೆದುಕೊಳ್ಳುತ್ತಿದ್ದೇವೆ ಎನ್ನುವ ಸಂಕಟ ನನ್ನದು. ಎಲ್ಲೋ ದೂರದ ಭಾಷೆಯಲ್ಲಿ ನಮ್ಮ ಪದದಂಥ ಸದ್ದು ಕೇಳಿದರೆ ಸಾಕು, ‘ನೋಡಿ, ಅದೂ ನಮ್ಮದೇ’ ಎಂದುಬಿಡುತ್ತೇವೆ. ಕೆಲವರಿಗೆ ಎಲ್ಲವೂ ಸಂಸ್ಕೃತದಿಂದ ಹುಟ್ಟಿದ್ದು, ಕೆಲವರಿಗೆ ಎಲ್ಲವೂ ಕನ್ನಡದಿಂದ. ಪದಗಳ ನೆಂಟಸ್ತನವನ್ನು ಮನುಷ್ಯರ ನೆಂಟಸ್ತನದಷ್ಟೇ ಎಚ್ಚರದಿಂದ ವಿಚಾರಿಸಬೇಕು. ಮುಖ ಹೋಲುತ್ತದೆ ಎಂದು ಯಾರನ್ನೋ ದಾಯಾದಿ ಎಂದು ಆಸ್ತಿ ಪತ್ರಕ್ಕೆ ಸೇರಿಸಿಕೊಳ್ಳುತ್ತೇವೆಯೆ? ಪದ ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ಐದಕ್ಷರದ ಪದ ಎರಡು ಭಾಷೆಗಳಲ್ಲಿ ಸುಮ್ಮನೆ ಒಂದೇ ಥರ ಇರುವುದು ಅಪರೂಪ. ಒಂದಕ್ಷರದ ಪದ ಎಲ್ಲಿ ಬೇಕಾದರೂ ಸಿಗುತ್ತದೆ.

ಈ ಒಂದಕ್ಷರ ಒಬ್ಬ ಅರಸನನ್ನು ಹೇಗೆ ಕೆಡವಿತು ಎನ್ನುವುದನ್ನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಕಥಾಸರಿತ್ಸಾಗರದಲ್ಲಿ ಹೇಳುತ್ತಾನೆ. ಸಾತವಾಹನ ದೊರೆ ರಾಣಿಯರ ಜೊತೆ ಕೊಳದಲ್ಲಿ ನೀರಾಟ ಆಡುತ್ತಿದ್ದಾನೆ. ನೀರೆರಚಿಸಿಕೊಂಡು ದಣಿದ ಒಬ್ಬ ರಾಣಿ ಸಂಸ್ಕೃತದಲ್ಲಿ ‘ಮೋದಕೈಃ’ ಎಂದು ಕೂಗುತ್ತಾಳೆ. ಅವಳು ಹೇಳಿದ್ದು ‘ಮಾ ಉದಕೈಃ’, ಅಂದರೆ ನೀರಿನಿಂದ ಬೇಡ. ಮಾ ಎಂಬುದರ ಆಕಾರವೂ ಉದಕದ ಉಕಾರವೂ ಸೇರಿ ಓಕಾರವಾಗಿದೆ, ಗುಣಸಂಧಿ. ದೊರೆಗೆ ಸಂಧಿ ಗೊತ್ತಿಲ್ಲ. ಮೋದಕಗಳಿಂದ ಹೊಡಿ ಎನ್ನುತ್ತಿದ್ದಾಳೆ ಎಂದುಕೊಂಡು ತಟ್ಟೆಗಟ್ಟಲೆ ಸಿಹಿ ತರಿಸುತ್ತಾನೆ. ರಾಣಿ ನಗುತ್ತಾಳೆ, ಪರಿವಾರ ನಗುತ್ತದೆ. ದೊರೆ ಊಟ ಬಿಟ್ಟು ಹಾಸಿಗೆ ಹಿಡಿಯುತ್ತಾನೆ.

ಅವನಿಗೆ ವ್ಯಾಕರಣ ಕಲಿಸಲು ಆರು ವರ್ಷ ಬೇಕು ಎಂದ ಆಸ್ಥಾನದ ಪಂಡಿತ ಗುಣಾಢ್ಯ. ಆರು ತಿಂಗಳು ಸಾಕು ಎಂದ ಇನ್ನೊಬ್ಬ ಪಂಡಿತ ಶರ್ವವರ್ಮ. ಹಾಗಾದರೆ ನಾನು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುತ್ತೇನೆ ಎಂದು ಗುಣಾಢ್ಯ ಪಣ ತೊಟ್ಟ, ಸೋತ, ಕಾಡು ಸೇರಿ ಪೈಶಾಚಿ ಎಂಬ ಭಾಷೆಯಲ್ಲಿ ಬೃಹತ್ಕಥೆ ಬರೆದ. ಶರ್ವವರ್ಮ ಕಲಿಸಿದ ಚಿಕ್ಕ ವ್ಯಾಕರಣವೇ ಕಾತಂತ್ರ. ಇದೆಲ್ಲ ಕಥೆಯ ಮಾತು, ನಿಜ. ಆದರೆ ಕಾತಂತ್ರ ಕಥೆಯಲ್ಲ, ಅದು ಇವತ್ತಿಗೂ ಓದಲು ಸಿಗುವ ಗ್ರಂಥ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಆ ಪರಂಪರೆಯ ಹಾದಿಯನ್ನು ಬಳಸಿಕೊಂಡ ಎಂದು ವಿದ್ವಾಂಸರು ತೋರಿಸಿದ್ದಾರೆ. ಗುಣಾಢ್ಯನ ಬೃಹತ್ಕಥೆಯ ನೆನಪು ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ಬರುತ್ತದೆ. ಒಂದು ಮಾಕಾರವನ್ನು ತಪ್ಪಾಗಿ ಕೇಳಿಸಿಕೊಂಡ ಕಥೆಯಿಂದ ಹೊರಟ ಎರಡು ದಾರಿಗಳೂ ಕನ್ನಡದ ಬಾಗಿಲಿಗೆ ಬಂದಿವೆ ಎನ್ನುವುದನ್ನು ನೆನೆದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

‘ಬೇಡ’ ಎನ್ನುವ ಈ ಮಾ ರಾಮಾಯಣದ ಹೊಸಿಲಲ್ಲೂ ನಿಂತಿದೆ. ಬೇಡನ ಬಾಣಕ್ಕೆ ಕ್ರೌಂಚ ಪಕ್ಷಿ ಬಿದ್ದಾಗ ವಾಲ್ಮೀಕಿಯ ಬಾಯಿಂದ ಹೊರಟ ಶಾಪದ ಶ್ಲೋಕದ ಮೊದಲ ಅಕ್ಷರವೇ ಅದು. ವೈಯಾಕರಣರಿಗೆ ಅಲ್ಲಿ ಒಂದು ತೊಡಕು. ಈ ನಿಷೇಧದ ಮಾ ಬಂದರೆ ಭೂತಕಾಲದ ಕ್ರಿಯಾಪದದ ಮುಂದಿನ ಅಕಾರ ಬಿದ್ದುಹೋಗಬೇಕು ಎನ್ನುವುದು ಪಾಣಿನಿಯ ನಿಯಮ. ಶ್ಲೋಕದಲ್ಲಿ ಅದು ಬಿದ್ದಿಲ್ಲ. ಆರ್ಷಪ್ರಯೋಗ ಎಂದು ಒಪ್ಪಿದವರಿದ್ದಾರೆ. ಇನ್ನು ಕೆಲವು ವ್ಯಾಖ್ಯಾನಕಾರರು ಆ ಮಾ ‘ಬೇಡ’ ಅಲ್ಲವೇ ಅಲ್ಲ, ಮಾ ಎಂದರೆ ಲಕ್ಷ್ಮಿ ಎಂದರು. ಮಾ-ನಿಷಾದ, ಲಕ್ಷ್ಮಿಗೆ ನೆಲೆಯಾದವನೇ ಎಂದು ಬಿಡಿಸಿ, ಶಾಪವನ್ನೇ ಮಂಗಳವಾಗಿ ಓದಿದರು. ಮಾಧವ ಎಂಬ ಹೆಸರಿನಲ್ಲೂ ಅದೇ ಮಾ ಉಂಟೆಂದು, ಲಕ್ಷ್ಮಿಯ ಗಂಡ ಎಂದು ಅರ್ಥ ಹೇಳುತ್ತಾರೆ. ಒಂದಕ್ಷರವನ್ನು ಹೊರಳಿಸಿದರೆ ಬೇಡನಿಗೆ ತಟ್ಟಿದ ಶಾಪ ವಿಷ್ಣುವಿನ ಸ್ತುತಿಯಾಗುತ್ತದೆ. ನನ್ನ ಮನಸ್ಸು ಶಾಪದ ಪಾಠದ ಕಡೆಗೇ ಇದೆ. ಸತ್ತ ಹಕ್ಕಿಯ ಮುಂದೆ ನಿಂತವನಿಗೆ ಮೊದಲು ಬಾಯಿಗೆ ಬರುವುದು ‘ಬೇಡ’ ಎಂಬ ಮಾತೇ.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಹಳೆಗನ್ನಡದ ಮಾಣ್ ಎಂದರೆ ನಿಲ್ಲಿಸು, ಬಿಡು. ಸಂಸ್ಕೃತದ ಮಾ ಎಂದರೆ ಬೇಡ. ಸದ್ದು ಹತ್ತಿರ, ಅರ್ಥವೂ ಹತ್ತಿರ. ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಇಬ್ಬರ ಮನೆಗೂ ಹೋಗಿ ಒಡಹುಟ್ಟಿದವರು ಯಾರು ಎಂದು ಕೇಳಿ ನೋಡಿ. ಮಾಣ್ ಒಂದು ಧಾತು. ಮಾಣ್ದು, ಮಾಣದೆ ಎಂದು ನಮ್ಮ ಬೇರೆ ಧಾತುಗಳ ಹಾಗೆಯೇ ಬಾಗಿ ಬಳುಕುತ್ತದೆ. ತೆಲುಗಿನ ‘ಮಾನು’ ಅದರ ಒಡಹುಟ್ಟು. ಅಲ್ಲೂ ಬಿಟ್ಟುಬಿಡು ಎಂದೇ ಅರ್ಥ. ಸಂಸ್ಕೃತದ ಮಾ ಬಾಗುವುದೇ ಇಲ್ಲ, ಅದು ಅವ್ಯಯ. ಅದರ ಒಡಹುಟ್ಟುಗಳು ಪಶ್ಚಿಮದ ದಾರಿಯಲ್ಲಿ ಸಿಗುತ್ತವೆ. ಅವೆಸ್ತಾದ ಭಾಷೆಯಲ್ಲಿ ಮಾ, ಗ್ರೀಕಿನಲ್ಲಿ ಮೇ, ಅರ್ಮೇನಿಯನ್‌ನಲ್ಲಿ ಮಿ, ಪಾರಸಿಯಲ್ಲಿ ಕ್ರಿಯಾಪದದ ಮುಂದೆ ಅಂಟಿಕೊಳ್ಳುವ ಮ. ಎಲ್ಲವೂ ‘ಮಾಡಬೇಡ’ ಎಂದು ತಡೆಯುವ ಮಾತುಗಳೇ. ಎರಡು ಮನೆ, ಎರಡು ವಂಶ. ನಂಟಿಲ್ಲ ಮೇಷ್ಟ್ರೇ.

ಅರಬ್ಬಿ ಇನ್ನೂ ದೊಡ್ಡ ಆಸೆ ಹುಟ್ಟಿಸುತ್ತದೆ. ಅಲ್ಲೂ ಮಾ ಎಂದರೆ ಇಲ್ಲ, ಅಲ್ಲ. ಅದೇ ಮಾ ಎಂದರೆ ಏನು ಎಂಬ ಪ್ರಶ್ನೆಯೂ ಹೌದು. ಹೀಬ್ರೂವಿನಲ್ಲಿ ‘ಏನು’ ಎಂಬುದಕ್ಕೆ ಮಾ ಎಂದೇ ಇದೆ, ಅವೆರಡು ಖಂಡಿತ ಅಕ್ಕತಂಗಿಯರು. ಸಂಸ್ಕೃತದ ಮಾ ಜೊತೆಗೆ ಅವುಗಳಿಗೆ ಯಾವ ಲೆಕ್ಕದಲ್ಲೂ ಹೊಂದಾಣಿಕೆ ಕೂಡುವುದಿಲ್ಲ. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲ ಎಂದಾಗಲಿ, 1816ರಲ್ಲಿ ಮದರಾಸಿನ ಎಲ್ಲಿಸ್ ದಕ್ಷಿಣದ ಭಾಷೆಗಳದೇ ಬೇರೆ ಕುಟುಂಬ ಎಂದಾಗಲಿ ಒಂದೆರಡು ಸದ್ದು ಹಿಡಿದು ಹೇಳಲಿಲ್ಲ. ಧಾತುಗಳನ್ನೂ ವ್ಯಾಕರಣದ ರೂಪಗಳನ್ನೂ ಆಧಾರವಾಗಿ ಹಿಡಿದರು.

ಎಲ್ಲರೂ ಕಾಯುತ್ತಿರುವ ಮಾತಿಗೆ ಬರುತ್ತೇನೆ. ಮಾ ಎಂದರೆ ತಾಯಿ ಅಲ್ಲವೇ? ಲೋಕವೆಲ್ಲ ಹಾಗೆಯೇ ಕರೆಯುತ್ತದಲ್ಲ? ಚೀನಿಯಲ್ಲಿ ಮಾಮ, ಸ್ವಾಹಿಲಿಯಲ್ಲಿ ಮಾಮ, ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯಲ್ಲಿ ಮಾಮ, ವೇಲ್ಸ್‌ನಲ್ಲಿ ಮಾಮ್, ಬಾಸ್ಕ್‌ನಲ್ಲಿ ಅಮ, ಅರಬ್ಬಿಯಲ್ಲಿ ಉಮ್ಮ್, ಕೊರಿಯಾದಲ್ಲಿ ಒಮ್ಮ, ನಮ್ಮಲ್ಲಿ ಅಮ್ಮ. ಇವೆಲ್ಲ ಒಂದೇ ಆದಿ ಭಾಷೆಯ ಮಕ್ಕಳು ಎಂದು ಹೇಳಬೇಕೆನಿಸುತ್ತದೆ. ಭಾಷಾಶಾಸ್ತ್ರಜ್ಞ ರೋಮನ್ ಯಾಕೋಬ್ಸನ್ ಬೇರೆ ಕಾರಣ ಕೊಟ್ಟರು. ಮಾನವಶಾಸ್ತ್ರಜ್ಞ ಮರ್ಡಾಕ್ ಕೂಡಿಸಿದ್ದ ತಾಯಿತಂದೆಯರ 1072 ಪದಗಳನ್ನು ಮುಂದಿಟ್ಟುಕೊಂಡು 1960ರಲ್ಲಿ ಒಂದು ಲೇಖನ ಅಚ್ಚು ಮಾಡಿಸಿದರು. ತಾಯಿಯನ್ನು ಕರೆಯುವ ಪದಗಳಲ್ಲಿ ನೂರಕ್ಕೆ 55ರಲ್ಲಿ ಮಕಾರ, ನಕಾರದಂಥ ಅನುನಾಸಿಕಗಳಿವೆ. ತಂದೆಯ ಪದಗಳಲ್ಲಿ ನೂರಕ್ಕೆ 15 ಮಾತ್ರ. ಮೊಲೆ ಚೀಪುವ ಕೂಸಿನ ತುಟಿ ಮುಚ್ಚಿರುತ್ತದೆ, ಉಸಿರು ಮೂಗಿನಲ್ಲಿ. ಆಗ ಹೊರಡಬಹುದಾದ ಸದ್ದು ಮಕಾರವೊಂದೇ. ಹಸಿದಾಗ, ಬೇಕೆನಿಸಿದಾಗ, ಅದೇ ಸದ್ದು ಮತ್ತೆ ಬರುತ್ತದೆ, ಬಾಯಿ ತೆರೆದರೆ ಆಕಾರ ಸೇರುತ್ತದೆ. ಕೂಸು ಹೆಸರಿಡುತ್ತಿಲ್ಲ. ಹತ್ತಿರ ಕೂತ ಅಮ್ಮ ‘ನನ್ನನ್ನೇ ಕರೆಯಿತು’ ಎಂದು ಓಡಿಬರುತ್ತಾಳೆ, ಪದ ಹುಟ್ಟುತ್ತದೆ. ಹಾಗೆ ಊರೂರಲ್ಲಿ ಬೇರೆಬೇರೆಯಾಗಿ ಹುಟ್ಟಿದೆ. ಯಾರೂ ಯಾರಿಂದಲೂ ತಂದದ್ದಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಜಾರ್ಜಿಯಾ ದೇಶದ ಭಾಷೆ. ಅಲ್ಲಿ ಮಾಮ ಎಂದರೆ ಅಪ್ಪ, ದೇದ ಎಂದರೆ ಅಮ್ಮ. ಕೂಸಿನ ಬಾಯಿಗೆ ಬರುವ ಸದ್ದುಗಳು ಅವೇ, ಮನೆಯವರು ಹಂಚಿಕೊಂಡದ್ದು ಬೇರೆ. ಅಷ್ಟು ದೂರ ಹೋಗುವುದೇಕೆ? ಹಳೆಗನ್ನಡದಲ್ಲಿ ಅಮ್ಮ ಎಂದರೆ ತಂದೆ! ತಾಯಿಗೆ ಅಬ್ಬೆ. ಹಳೆಗನ್ನಡ ಓದಲು ಮೊದಲು ಕುಳಿತವರೆಲ್ಲ ಇಲ್ಲಿ ಎಡವಿರುತ್ತೀರಿ. ಹತ್ತನೆಯ ಶತಮಾನದಲ್ಲಿ ವೆಂಗಿಯನ್ನು ಆಳಿದ ಚಾಳುಕ್ಯರಲ್ಲಿ ಅಮ್ಮರಾಜ ಎಂಬ ಹೆಸರಿನವರು ಇದ್ದರು. ಗಂಡಸಿಗೆ ಆ ಹೆಸರು ಆಗ ಯಾರಿಗೂ ವಿಚಿತ್ರ ಎನಿಸಿರಲಿಕ್ಕಿಲ್ಲ. ಇವತ್ತಿಗೂ ನಮ್ಮ ಕಡೆ ಚಿಕ್ಕ ಮಗಳನ್ನು ‘ಬಾರಮ್ಮಾ, ಊಟ ಮಾಡಮ್ಮಾ’ ಎಂದು ಕರೆಯುತ್ತೇವೆ. ಅಮ್ಮ ಎಂಬುದು ಹೆತ್ತವಳಿಗೆ ಮಾತ್ರ ಕಟ್ಟಿಟ್ಟ ಪದವಲ್ಲ, ಅಕ್ಕರೆ ಯಾರ ಮೇಲೆ ಹರಿಯುತ್ತದೋ ಅವರದು.

ಜಪಾನಿನಲ್ಲಿ ಹದಿನಾರನೆಯ ಶತಮಾನದ ಒಂದು ಒಗಟು ಇದೆ. ತಾಯಿಗಾಗಿ ಎರಡು ಸಲ ಕೂಡುತ್ತದೆ, ತಂದೆಗಾಗಿ ಒಂದು ಸಲವೂ ಕೂಡುವುದಿಲ್ಲ, ಏನದು? ಉತ್ತರ, ತುಟಿ. ಇವತ್ತಿನ ಜಪಾನಿಯಲ್ಲಿ ತಾಯಿಗೆ ಹಹ ಎನ್ನುತ್ತಾರೆ, ಅದನ್ನು ಹೇಳಲು ತುಟಿ ಬೇಕೇ ಇಲ್ಲ, ಒಗಟಿಗೆ ಅರ್ಥವೇ ಇಲ್ಲ. ಆದರೆ ಆ ಒಗಟು ಹುಟ್ಟಿದ ಕಾಲಕ್ಕೆ ಅದು ತುಟಿಗೆ ತುಟಿ ತಾಗಿಸುವ ಫಫ ಆಗಿತ್ತು, ಅದಕ್ಕೂ ಹಿಂದೆ ಪಪ. ಒಂದು ಒಗಟು ಸತ್ತುಹೋದ ಉಚ್ಚಾರವನ್ನು ನಮಗಾಗಿ ಉಳಿಸಿಟ್ಟಿದೆ.

ಇದನ್ನು ಓದಿದ ರಾತ್ರಿ ನಾನು ಕನ್ನಡದಲ್ಲಿ ಪರೀಕ್ಷೆ ಮಾಡಿದೆ. ನೀವೂ ಈಗ ಮೆಲ್ಲಗೆ ಹೇಳಿ ನೋಡಿ. ಅಮ್ಮ. ಅಪ್ಪ. ಅಬ್ಬೆ. ತುಟಿಗಳು ಕೂಡುತ್ತವೆ. ಇನ್ನು ತಾಯಿ ಎನ್ನಿ, ತಂದೆ ಎನ್ನಿ. ತುಟಿ ಒಮ್ಮೆಯೂ ಮುಟ್ಟುವುದಿಲ್ಲ. ಅಮ್ಮ ಅಪ್ಪ ಎಂಬುವು ಕರೆಯುವ ಪದಗಳು, ಕೂಸಿನ ಬಾಯಿಂದ ಬಂದವು. ತಾಯಿ ತಂದೆ ಎಂಬುವು ಮುಖ್ಯವಾಗಿ ಹೇಳುವ ಪದಗಳು, ಅರ್ಜಿಯಲ್ಲಿ ತುಂಬುವ ಪದಗಳು, ಮಾತು ಬಲಿತ ಮೇಲೆ ಬರುವವು. ಕರೆಯುವ ಪದಕ್ಕೆ ಬೇರೆಯೇ ಮರ್ಯಾದೆ ಉಂಟೆಂದು ಪಾಣಿನಿಗೂ ಗೊತ್ತಿತ್ತು. ಅಂಬಾ ಎಂಬ ಪದವನ್ನು ಕೂಗಿ ಕರೆಯುವಾಗ ಕೊನೆಯ ದೀರ್ಘ ಕುಗ್ಗಿ ಅಂಬ ಎಂದಾಗಬೇಕು ಎಂದು ಅಷ್ಟಾಧ್ಯಾಯಿಯ ಏಳನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ಆಕಾರದಲ್ಲಿ ಮುಗಿಯುವ ಪದಗಳಲ್ಲಿ ತಾಯಿ ಎಂಬ ಅರ್ಥದವುಗಳಿಗೆಂದೇ ಆ ವಿನಾಯಿತಿ. ಆ ಸೂತ್ರಕ್ಕೆ ಕಾಶಿಕಾ ವೃತ್ತಿ ಎಂಬ ವ್ಯಾಖ್ಯಾನ ಕೊಡುವ ಉದಾಹರಣೆಗಳಲ್ಲಿ ‘ಅಕ್ಕ’ ಎಂಬ ಪದವೂ ಇದೆ, ತಾಯಿ ಎಂಬ ಅರ್ಥದಲ್ಲಿ!

ಚೀನಿಯ ಮಾಮದ ಬಗ್ಗೆ ಒಂದು ಮಾತು. ಮಾ ಎಂದು ಸ್ವರವನ್ನು ಮೇಲೆಯೇ ಹಿಡಿದರೆ ತಾಯಿ, ಕೆಳಗಿನಿಂದ ಏರಿಸಿದರೆ ನಾರು ತೆಗೆಯುವ ಒಂದು ಗಿಡ, ಇಳಿಸಿ ಏರಿಸಿದರೆ ಕುದುರೆ, ಮೇಲಿನಿಂದ ಬೀಳಿಸಿದರೆ ಬೈಯುವುದು. ತಾಯಿ ಎಂಬುದನ್ನು ಬರೆಯುವಾಗ ಎಡಕ್ಕೆ ಹೆಣ್ಣಿನ ಗುರುತು, ಬಲಕ್ಕೆ ಕುದುರೆಯ ಚಿತ್ರ. ತಾಯಿಗೂ ಕುದುರೆಗೂ ಸಂಬಂಧ ಕಲ್ಪಿಸಿ ಕಥೆ ಕಟ್ಟಬೇಕಾಗಿಲ್ಲ. ಕುದುರೆ ಅಲ್ಲಿ ಸದ್ದು ತೋರಿಸಲು ಮಾತ್ರ ನಿಂತಿದೆ.

ಮಾವಿನ ಮಾ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ನಾನು ಮಲೆನಾಡಿನವನು, ಅಪ್ಪೆಮಿಡಿಯ ಉಪ್ಪಿನಲ್ಲಿ ಬೆಳೆದವನು. ಅಮ್ಮಮ್ಮ ಮಿಡಿ ಹಾಕುವ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಮರ ಹತ್ತಿದವನು ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿಯನ್ನು ಅವಳು ಬೆರಳಲ್ಲೂ ಮುಟ್ಟುತ್ತಿರಲಿಲ್ಲ, ಒಂದು ಪೆಟ್ಟಾದ ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಮುರಿದರೆ ಸೊನೆ ಚಿಮ್ಮುವುದು, ಆ ಕಟು ವಾಸನೆ ಎರಡು ದಿನ ಬೆರಳಿಂದ ಹೋಗುವುದಿಲ್ಲ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಉಪ್ಪುಂಡು ಮುರುಟಿದ ಮಿಡಿ ವರ್ಷ ಕಳೆದರೂ ಕರುಂ ಎನ್ನುತ್ತದೆ.

ಈ ಮಾವಿಗೆ ದ್ರಾವಿಡ ಭಾಷೆಗಳಲ್ಲಿ ಮೂಲ ಮಾ. ನಾವು ಸಮಾಸದಲ್ಲಿ ಈಗಲೂ ಮಾಮರ ಎನ್ನುತ್ತೇವೆ. ತಮಿಳಿನಲ್ಲಿ ಬರಿಯ ಮಾ ಎಂದರೂ ಮಾವು. ಅದಕ್ಕೆ ಕಾಯಿ ಸೇರಿ ಮಾಂಗಾಯ್, ಮಲಯಾಳದಲ್ಲಿ ಮಾಙ್ಙ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು. 1510ರಲ್ಲಿ ಅಚ್ಚಾದ ಇಟಲಿಯ ವರ್ತೆಮನ ಪ್ರವಾಸಕಥನದಲ್ಲಿ ಮಾಂಗ ಎಂಬ ಪದ ಆಗಲೇ ಇದೆ. ಪೋರ್ಚುಗೀಸಿನ ಮಾಂಗ ಇಂಗ್ಲಿಷಿನ ಮ್ಯಾಂಗೋ ಆಯಿತು. ಲೋಕವೆಲ್ಲ ಬೇಸಿಗೆಯಲ್ಲಿ ಕೊಯ್ದು ತಿನ್ನುವ ಹಣ್ಣನ್ನು ಕರೆಯುತ್ತಿರುವುದು ‘ಮಾವಿನಕಾಯಿ’ ಎಂದು! ಹಣ್ಣಿಗೆ ಮಲಯಾಳದವರು ಬೇರೆಯೇ ಪದ ಇಟ್ಟಿದ್ದಾರೆ, ಮಾಂಬಳಂ. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುವಾಗ ಹಣ್ಣು ಕೊಳೆಯುತ್ತಿತ್ತು. ಹಿಂದಿನ ಕಾಲದಲ್ಲಿ ಆ ಕಡಲು ದಾಟಿ ಕೆಡದೆ ಮುಟ್ಟಿದ್ದು ಉಪ್ಪಿಗೆ ಹಾಕಿದ ಕಾಯಿ. ಆದ್ದರಿಂದ ಅಲ್ಲಿಯವರಿಗೆ ಮ್ಯಾಂಗೋ ಎಂದರೆ ಹಣ್ಣಿಗಿಂತ ಮೊದಲು ಉಪ್ಪಿನಕಾಯಿ. ಉಪ್ಪಿನಕಾಯಿ ಹಾಕುವುದನ್ನೇ ಇಂಗ್ಲಿಷಿನಲ್ಲಿ ‘ಮ್ಯಾಂಗೋ ಮಾಡುವುದು’ ಎಂದರು. ಸೌತೆ, ಪೀಚ್, ಮೆಣಸಿನಕಾಯಿ, ಯಾವುದನ್ನು ಹಾಗೆ ಹಾಕಿದರೂ ಅದು ಮ್ಯಾಂಗೋ. ಅಮೆರಿಕದ ಒಹಾಯೊ, ಇಂಡಿಯಾನಾ ಕಡೆಯ ಹಳಬರು ದಪ್ಪ ಮೆಣಸಿನಕಾಯಿಯನ್ನು ಮ್ಯಾಂಗೋ ಎಂದು ಕರೆಯುತ್ತಿದ್ದದ್ದು ಹೀಗೆ. ನಮ್ಮ ಭರಣಿಯ ಪದವೊಂದು ಅಷ್ಟು ದೂರ ಹೋಗಿ ಮೆಣಸಿನಕಾಯಿಯ ಮೇಲೆ ಕೂತಿತು.

ಇದು ರಕ್ತಸಂಬಂಧವಲ್ಲ. ಇಂಗ್ಲಿಷಿಗೆ ಈ ಪದ ಹೆತ್ತದ್ದಲ್ಲ, ಹಡಗಿಳಿದು ಬಂದ ನೆಂಟ. ಬಂದ ದಾರಿ, ವರ್ಷ, ರೇವು ಎಲ್ಲ ಹೇಳಬಹುದು, ಅದೇ ಇದರ ಚೆಲುವು. ಅದೇ ಹೊತ್ತಿಗೆ ನಮ್ಮ ಮಗ್ಗುಲಲ್ಲೇ ನೋಡಿ, ಮಂಗಳೂರಿನ ಪೇಟೆಯಲ್ಲಿ ಒಂದೇ ಬುಟ್ಟಿಯ ಕಾಯಿಗೆ ತುಳುವಿನವರು ಕುಕ್ಕು ಎನ್ನುತ್ತಾರೆ, ಕೊಂಕಣಿಯವರು ಆಂಬೊ ಎನ್ನುತ್ತಾರೆ. ಆಂಬೊ ಸಂಸ್ಕೃತದ ಆಮ್ರದಿಂದ ಬಂದದ್ದು. ತುಳು ಕನ್ನಡದ ಸ್ವಂತ ತಂಗಿ, ಆದರೂ ಅವಳ ಬಾಯಲ್ಲಿ ಮಾ ಇಲ್ಲ. ಒಹಾಯೊದ ಅಜ್ಜಿಯ ಬಾಯಲ್ಲಿ ಇತ್ತು.

ಸಂಸ್ಕೃತದಲ್ಲಿ ಅಳೆಯುವ ಅರ್ಥದ ಇನ್ನೊಂದು ಮಾ ಧಾತು ಇದೆ, ಅದನ್ನು ಬೇಗ ದಾಟುತ್ತೇನೆ. ಮಾನ, ಪ್ರಮಾಣ, ಉಪಮೆ, ನಿರ್ಮಾಣ, ಛಂದಸ್ಸಿನ ಮಾತ್ರೆ ಎಲ್ಲ ಅದರ ಸಂತಾನ. ಔಷಧದ ಮಾತ್ರೆಯೂ ಅಳತೆಯೇ. ಅನುಮಾನ ಎಂಬ ಪದ ಅದರಲ್ಲಿ ನನಗೆ ಪ್ರಿಯ. ತರ್ಕಶಾಸ್ತ್ರದಲ್ಲಿ ಅದು ಸಾಕ್ಷಿ ಹಿಡಿದು ನಿಜಕ್ಕೆ ತಲುಪುವ ದಾರಿ, ನಮ್ಮ ಆಡುಮಾತಿನಲ್ಲಿ ಸಂಶಯ. ಮೇಷ್ಟ್ರ ಚೀಟಿಯ ಪ್ರಶ್ನೆಯ ಗುರುತಿನಲ್ಲಿ ಎರಡೂ ಇವೆ.

ಕೊನೆಯದು, ನಾನು ಬಹಳ ದಿನ ಜೊತೆಯಲ್ಲಿ ಹೊತ್ತು ತಿರುಗಿದ ಒಂದು ಜೋಡಿ. ನಮ್ಮ ಆಡುಮಾತು ಮಹಾ ಎಂಬುದರ ಹಕಾರವನ್ನು ನುಂಗುತ್ತದೆ. ಮಹಾನವಮಿ ಮಾನೌಮಿ ಆಗುತ್ತದೆ, ಉತ್ತರ ಕನ್ನಡದ ಮಹಾಬಲೇಶ್ವರ ಮಾಬ್ಲ ಆಗುತ್ತಾನೆ. ಮಲೆ ಮಹದೇಶ್ವರನ ಬೆಟ್ಟದಲ್ಲಿ ಕಂಸಾಳೆ ಹಿಡಿದವರು ಮಾದೇವ ಎಂದು ಕೂಗುವಾಗ ಆ ಮಾ ಅಂದರೆ ದೊಡ್ಡ. ಇತ್ತ ಇಟಲಿಯಲ್ಲಿ ಮಾ ಎಂದರೆ ‘ಆದರೆ’. ಮಾತಿನ ನಡುವೆ ಕೈಯಾಡಿಸುತ್ತ ಘಳಿಗೆಗೊಮ್ಮೆ ‘ಮಾ’ ಎನ್ನುತ್ತಾರೆ. ದೊಡ್ಡ ದೇವರಿಗೂ ‘ಆದರೆ’ಗೂ ಏನು ಸಂಬಂಧ? ಯಾರೂ ಆಸೆಪಡದ ಜೋಡಿ ಇದು. ಇಟಲಿಯ ಮಾ ಲ್ಯಾಟಿನ್ನಿನ ಮಾಗಿಸ್ ಎಂಬುದರಿಂದ ಸವೆದು ಬಂದದ್ದು. ಮಾಗಿಸ್ ಎಂದರೆ ಹೆಚ್ಚು. ‘ಅದಲ್ಲ, ಹೆಚ್ಚಾಗಿ ಇದು’ ಎನ್ನುತ್ತ ಎನ್ನುತ್ತ ‘ಆದರೆ’ ಎಂಬ ಅರ್ಥ ಕೂಡಿತು. ಆ ಮಾಗಿಸ್, ದೊಡ್ಡದೆಂಬ ಅರ್ಥದ ಮಾಗ್ನುಸ್, ಗ್ರೀಕಿನ ಮೆಗಸ್, ಸಂಸ್ಕೃತದ ಮಹತ್, ನಾಲ್ಕೂ ಒಂದೇ ಮೂಲದವು. ಗ್ರೀಕು ಲ್ಯಾಟಿನ್ನುಗಳಲ್ಲಿ ಗಕಾರ ಉಳಿದ ಕಡೆ ಸಂಸ್ಕೃತದಲ್ಲಿ ಹಕಾರ ಬಂದದ್ದು ಈ ಒಂದು ಪದದಲ್ಲಷ್ಟೇ ಅಲ್ಲ. ನಾನು ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಎಗೊ, ಸಂಸ್ಕೃತದಲ್ಲಿ ಅಹಂ. ಸಾಕ್ಷಿ ಹೀಗೆ ಎರಡನೆಯ ಮನೆಯಲ್ಲೂ ಸಿಗಬೇಕು. ಅಲ್ಲಿ ಅವರು ಗಕಾರವನ್ನು ಉದುರಿಸಿಕೊಂಡರು, ಇಲ್ಲಿ ನಾವು ಹಕಾರವನ್ನು ನುಂಗಿದೆವು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎರಡೂ ಕಡೆ ಉಳಿದದ್ದು ಬರಿಯ ಮಾ.

ಒಂದೇ ಸದ್ದು, ಒಂದೇ ಅರ್ಥ ಇದ್ದ ಅರಬ್ಬಿಯ ಮಾ ಸಂಸ್ಕೃತಕ್ಕೆ ಏನೂ ಆಗಬೇಕಾಗಿಲ್ಲ. ಅರ್ಥದಲ್ಲಿ ಎಲ್ಲಿಯೂ ಕೂಡದ ಇಟಲಿಯ ಮಾ ನಮ್ಮ ಮಾದೇವನ ಮೊದಲಕ್ಷರಕ್ಕೆ ದೂರದ ದಾಯಾದಿ.

ಮೇಷ್ಟ್ರ ಚೀಟಿಯ ಹಿಂಬದಿ ಖಾಲಿ ಇದೆ. ಮುಂಬದಿಯ ಪ್ರಶ್ನೆಯನ್ನು ನಾನು ಅಳಿಸಿಲ್ಲ. ಹಿಂದೆ ಪೆನ್ಸಿಲಿನಲ್ಲಿ ಇಷ್ಟು ಬರೆದಿದ್ದೇನೆ: ‘ಮಾಣ್, ತೆಲುಗು ಮಾನು. ಸಂಸ್ಕೃತಕ್ಕೆ ನಂಟಿಲ್ಲ. ಮಾದೇವ, ಇಟಾಲಿಯನ್ ಮಾ. ನಂಟುಂಟು.’ ಸಭೆ ಮುಗಿದ ಮೇಲೆ ಇದನ್ನು ಅವರ ಮಗಳ ಕೈಗೆ ಕೊಡುತ್ತೇನೆ, ಡಬ್ಬಿಗೆ ಸೇರಿಸಿಕೊಳ್ಳಲಿ. ಅದರಲ್ಲಿ ಇನ್ನೂ ನೂರಾರು ಚೀಟಿಗಳಿವೆ. ಬಹುಪಾಲಿನ ಹಿಂಬದಿ ಖಾಲಿ.